ಉರುವಲಿಲ್ಲದ ಚಳಿಗಾಲ: ಕೊರತೆಯ ಹೊರೆ ಹೊತ್ತ ಮನೆಗಳು

ಹಿಮ ಬೀಳುವ ನಾಡುಗಳಲ್ಲಿ ಮನೆಯನ್ನು ಬೆಚ್ಚಗಿಡುವ ಇಂಧನವು ಅಕ್ಕಿ, ಗೋಧಿಗಳಷ್ಟೇ ಅನಿವಾರ್ಯವಾದ ವಸ್ತು. ಆದರೂ ಆಹಾರದ ಬರಗಾಲಗಳಿಗೆ ಸಿಕ್ಕಷ್ಟು ಗಮನ ಇಂಧನದ ಬರಗಾಲಗಳಿಗೆ ಸಿಕ್ಕಿಲ್ಲ. ಈ ಕೊರತೆ ಎರಡು ಬಗೆಯದು. ಕಲ್ಲಿದ್ದಲು, ಸೌದೆ, ಅನಿಲ ಅಥವಾ ವಿದ್ಯುತ್ತು ಊರಿಗೇ ಬಾರದಿರುವುದು ಒಂದು; ಅವೆಲ್ಲ ಊರಿನಲ್ಲಿದ್ದೂ ಬೆಲೆ ತೆರಲಾಗದೆ ಮನೆಯೊಳಗೆ ಬಾರದಿರುವುದು ಇನ್ನೊಂದು. ಮೊದಲನೆಯದು ಯುದ್ಧ, ಮುತ್ತಿಗೆ, ಹಿಮಪಾತಗಳ ಕಾಲದಲ್ಲಿ ಊರಿಗೆ ಊರನ್ನೇ ಹಿಡಿಯುವುದರಿಂದ ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಒಂದೇ ಬೀದಿಯ ಒಂದು ಮನೆಯನ್ನು ಹಿಡಿದು ಪಕ್ಕದ ಮನೆಯನ್ನು ಬಿಟ್ಟಿರುತ್ತದೆಯಾದ್ದರಿಂದ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಸಾಮಾನ್ಯ ಕುಟುಂಬಗಳು ಈ ಎರಡನ್ನೂ ಎದುರಿಸಿದ ಬಗೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮನೆಮಂದಿಯ ಜಾಣ್ಮೆಯಿಂದ ಕೊರತೆ ನೀಗುವುದು ಅಪರೂಪವೆಂದೂ, ಬಹುತೇಕ ಸಂದರ್ಭಗಳಲ್ಲಿ ಅದು ಹೊಗೆಯಾಗಿ, ಕಡಿದ ಮರವಾಗಿ, ಹೆಂಗಸರ ದುಡಿಮೆಯಾಗಿ, ಮುದುಕರ ಕಾಯಿಲೆಯಾಗಿ ರೂಪ ಬದಲಿಸಿಕೊಳ್ಳುತ್ತದೆಂದೂ ಕಂಡುಬರುತ್ತದೆ.

ಇಂಧನ ಸಂಪೂರ್ಣವಾಗಿ ನಿಂತುಹೋದರೆ ಆಧುನಿಕ ನಗರವೊಂದರ ಗತಿ ಏನಾಗುತ್ತದೆ ಎಂಬುದಕ್ಕೆ 1944-45ರ ಚಳಿಗಾಲದ ಪಶ್ಚಿಮ ನೆದರ್ಲ್ಯಾಂಡ್ಸ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 1944ರ ಸೆಪ್ಟೆಂಬರಿನಲ್ಲಿ ದೇಶದ ದಕ್ಷಿಣ ತುದಿಯಲ್ಲಿರುವ ಲಿಂಬರ್ಗ್ ಪ್ರಾಂತ್ಯದ ದಕ್ಷಿಣ ಭಾಗ ಮಿತ್ರಪಡೆಗಳ ಕೈಸೇರಿತು. ದೇಶದ ಕಲ್ಲಿದ್ದಲು ಗಣಿಗಳೆಲ್ಲ ಇದ್ದದ್ದು ಅಲ್ಲಿಯೇ. ಆಮ್‌ಸ್ಟರ್‌ಡ್ಯಾಮ್, ರೋಟರ್‌ಡ್ಯಾಮ್, ಹೇಗ್ ನಗರಗಳು ಇನ್ನೂ ಜರ್ಮನ್ ಆಕ್ರಮಣದಲ್ಲಿಯೇ ಇದ್ದುದರಿಂದ ಗಣಿಗೂ ಒಲೆಗೂ ನಡುವೆ ಯುದ್ಧರಂಗವೇ ಬಂದು ನಿಂತಿತು. ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಸರ್ಕಾರದ ಕರೆಯಂತೆ ರೈಲ್ವೆ ನೌಕರರು ಮುಷ್ಕರ ಹೂಡಿದರು, ಅದಕ್ಕೆ ಪ್ರತೀಕಾರವಾಗಿ ಜರ್ಮನ್ ಆಡಳಿತ ಆಹಾರ ಸಾಗಣೆಯನ್ನು ತಡೆಯಿತು, ಆ ನಿಷೇಧ ಸಡಿಲವಾಗುವ ಹೊತ್ತಿಗೆ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳು ನಿಂತವು. ಆ ಅಕ್ಟೋಬರ್ ಮುಗಿಯುವುದರೊಳಗೆ ಆಮ್‌ಸ್ಟರ್‌ಡ್ಯಾಮಿನ ಮನೆಗಳಲ್ಲಿ ವಿದ್ಯುತ್ತೂ ಇರಲಿಲ್ಲ, ಅನಿಲವೂ ಇರಲಿಲ್ಲ. ಜನ ಮೊದಲು ಉದ್ಯಾನಗಳ, ಬೀದಿಬದಿಯ ಮರಗಳನ್ನು ಕಡಿದರು; ಆಮೇಲೆ ಟ್ರಾಮ್ ಹಳಿಗಳ ನಡುವೆ ಹಾಸಿದ್ದ ಮರದ ತುಂಡುಗಳನ್ನು ಕಿತ್ತು ಒಯ್ದರು; ಡಾಂಬರು ಹಿಡಿದಿದ್ದ ಆ ತುಂಡುಗಳು ಚೆನ್ನಾಗಿ ಉರಿಯುತ್ತಿದ್ದವು. ಹಳೆಯ ಒಲೆಗಳಿಗೆ ಬೇಕಾದಷ್ಟು ಉರುವಲು ಇಲ್ಲದಿದ್ದುದರಿಂದ, ಒಂದು ಹಿಡಿ ಚೂರುಕಟ್ಟಿಗೆಯಲ್ಲಿಯೇ ಒಂದು ಪಾತ್ರೆ ಕಾಯಿಸಬಲ್ಲ ತಗಡಿನ ಪುಟ್ಟ ಒಲೆಗಳು ಮನೆಮನೆಗೂ ಬಂದವು. ಎಲ್ಲಕ್ಕಿಂತ ದಾರುಣವಾದದ್ದು ಯಹೂದಿಗಳ ಕೇರಿಯಲ್ಲಿ ನಡೆಯಿತು. ಸಾವಿನ ಶಿಬಿರಗಳಿಗೆ ಸಾಗಿಸಲ್ಪಟ್ಟವರ ಖಾಲಿ ಮನೆಗಳ ಬಾಗಿಲು, ಮೆಟ್ಟಿಲು, ತೊಲೆಗಳನ್ನು ಜನ ಬಿಚ್ಚಿ ಒಯ್ದರು. ತೊಲೆ ಕಳೆದುಕೊಂಡ ಗೋಡೆಗಳು ಕುಸಿದು ಅವುಗಳಡಿ ಸಿಕ್ಕಿ ಸತ್ತವರೂ ಉಂಟು. ಆ ಚಳಿಗಾಲದಲ್ಲಿ ಹಸಿವು ಮತ್ತು ಚಳಿಗಳೆರಡೂ ಸೇರಿ ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡವೆಂದು ಅಂದಾಜು. ಇವೆರಡನ್ನು ಬಿಡಿಸಿ ನೋಡಲಾಗದು. ಸಿಕ್ಕ ಸಕ್ಕರೆ ಬೀಟಿನ ಗಡ್ಡೆಯನ್ನು ಬೇಯಿಸಿ ತಿನ್ನುವುದಕ್ಕೂ ಬೆಂಕಿ ಬೇಕಾಗಿತ್ತು.

ಯುದ್ಧ ಗೆದ್ದ ದೇಶವೂ ಈ ಸಂಕಟದಿಂದ ಹೊರತಾಗಿರಲಿಲ್ಲ. ಬ್ರಿಟನ್ನಿನಲ್ಲಿ ಕಲ್ಲಿದ್ದಲು ಗಣಿಗಳು 1947ರ ಜನವರಿ 1ರಂದು ರಾಷ್ಟ್ರದ ಸ್ವತ್ತಾದವು. ಅದೇ ತಿಂಗಳ ಕೊನೆಯ ಹೊತ್ತಿಗೆ ಆರಂಭವಾದ ಹಿಮಪಾತ ಮಾರ್ಚ್ ನಡುವಿನವರೆಗೂ ಬಿಡಲಿಲ್ಲ. ಗಣಿಯ ಬಾಯಲ್ಲಿ ಕಲ್ಲಿದ್ದಲು ಇದ್ದರೂ ಹಿಮದಲ್ಲಿ ಹೂತ ರೈಲುಗಳು ಅದನ್ನು ಸಾಗಿಸಲಾರದೆ ಹೋದವು. ಇಂಧನ ಮಂತ್ರಿ ಇಮ್ಯಾನ್ಯುಯಲ್ ಶಿನ್‌ವೆಲ್ ಫೆಬ್ರವರಿ 7ರಂದು ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದ ಆಜ್ಞೆಯಂತೆ ದೇಶದ ಬಹುಭಾಗದ ಕಾರ್ಖಾನೆಗಳಿಗೆ ವಿದ್ಯುತ್ತು ನಿಂತಿತು, ಮನೆಗಳಲ್ಲಿ ಬೆಳಗಿನ 9ರಿಂದ 12ರವರೆಗೆ ಮತ್ತು ಮಧ್ಯಾಹ್ನ 2ರಿಂದ 4ರವರೆಗೆ ವಿದ್ಯುತ್ತು ಬಳಸುವುದು ಅಪರಾಧವಾಯಿತು. ಈ ವೇಳೆಗಳನ್ನು ಗೊತ್ತುಮಾಡಿದವರು ಹಗಲಿನಲ್ಲಿ ಮನೆಯಲ್ಲಿರುವವರು ಯಾರೆಂದು ಯೋಚಿಸಿದಂತಿಲ್ಲ. ಗಂಡಸರು ಕೆಲಸಕ್ಕೆ ಹೋದ ಮೇಲೆ ಕೂಸುಗಳೊಂದಿಗೆ, ಕಾಯಿಲೆಯವರೊಂದಿಗೆ ಉಳಿಯುತ್ತಿದ್ದ ಗೃಹಿಣಿಯ ಪಾಲಿಗೆ ಅದು ದಿನಕ್ಕೆ ಐದು ಗಂಟೆಗಳ ಚಳಿಯ ಶಿಕ್ಷೆಯಾಗಿತ್ತು. ಅನಿಲ ತಯಾರಿಸುವ ಕಾರ್ಖಾನೆಗಳ ಮುಂದೆ, ಕಲ್ಲಿದ್ದಲಿನಿಂದ ಅನಿಲ ತೆಗೆದ ಮೇಲೆ ಉಳಿಯುವ ಕೋಕ್ ಎಂಬ ಗಟ್ಟಿ ಉರುವಲಿಗಾಗಿ ಮಕ್ಕಳ ತಳ್ಳುಗಾಡಿಗಳನ್ನೇ ಚೀಲದಂತೆ ತಂದು ಸಾಲು ನಿಂತವರೂ ಹೆಚ್ಚಾಗಿ ಹೆಂಗಸರೇ. ಅದೇ ವರ್ಷದ ಅಕ್ಟೋಬರಿನಲ್ಲಿ ಶಿನ್‌ವೆಲ್ ಆ ಖಾತೆಯನ್ನು ಬಿಟ್ಟುಕೊಡಬೇಕಾಯಿತು. ಆದರೆ ಮನೆಬಳಕೆಯ ಕಲ್ಲಿದ್ದಲಿನ ಪಡಿತರ ಮುಗಿದದ್ದು 1958ರಲ್ಲಿ, ಅಂದರೆ ಯುದ್ಧ ನಿಂತು 13 ವರ್ಷಗಳಾದ ಮೇಲೆ.

ಸೋತ ಜರ್ಮನಿಯಲ್ಲಿ 1946-47ರ ಆ ಚಳಿಗಾಲ ಇನ್ನೂ ಕಠಿಣವಾಗಿತ್ತು. ಬರ್ಲಿನ್ನಿನ ನಡುವಿದ್ದ ಟಿಯರ್‌ಗಾರ್ಟನ್ ಎಂಬ ವಿಶಾಲ ಉದ್ಯಾನದ ಮರಗಳೆಲ್ಲ ಹೆಚ್ಚುಕಡಿಮೆ ಒಲೆ ಸೇರಿ, ಬಯಲಾದ ನೆಲದಲ್ಲಿ ಜನ ತರಕಾರಿ ಬೆಳೆದುಕೊಂಡರು. ಮತ್ತೆ ಸಸಿ ನೆಡುವ ಕೆಲಸ ಆರಂಭವಾದದ್ದು 1949ರಲ್ಲಿ. ಹಲವು ಊರುಗಳಲ್ಲಿ ಶಾಲೆಗೆ ಬರುವ ಮಕ್ಕಳು ತರಗತಿಯ ಒಲೆಗಾಗಿ ಇದ್ದಿಲ ಬಿಲ್ಲೆಯನ್ನೋ ಸೌದೆಯ ತುಂಡನ್ನೋ ಕೈಯಲ್ಲಿ ಹಿಡಿದು ಬರಬೇಕಾಗಿತ್ತು. ನಿಧಾನವಾಗಿ ಸಾಗುವ ಕಲ್ಲಿದ್ದಲು ರೈಲುಗಳ ಮೇಲೆ ಹತ್ತಿ ಕಲ್ಲಿದ್ದಲನ್ನು ಕೆಳಗೆ ಉದುರಿಸಿ ಆಯ್ದುಕೊಳ್ಳುವುದು ಮರ್ಯಾದಸ್ಥ ಮನೆಗಳ ಕೆಲಸವೂ ಆಯಿತು. 1946ರ ಡಿಸೆಂಬರ್ 31ರ ಪ್ರವಚನದಲ್ಲಿ ಕಲೋನಿನ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್, ದುಡಿದೋ ಬೇಡಿಕೊಂಡೋ ಪಡೆಯಲಾಗದಿದ್ದಾಗ ಜೀವ ಮತ್ತು ಆರೋಗ್ಯ ಉಳಿಸಿಕೊಳ್ಳಲು ಬೇಕಾದಷ್ಟನ್ನು ವ್ಯಕ್ತಿಯೊಬ್ಬ ತೆಗೆದುಕೊಳ್ಳಬಹುದೆಂಬ ಅರ್ಥದ ಮಾತನ್ನಾಡಿದರು. ಅತಿಯಾಗಿ ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕೆಂದೂ ಅದೇ ಪ್ರವಚನದಲ್ಲಿ ಹೇಳಿದರಾದರೂ ಜನರ ನೆನಪಿನಲ್ಲಿ ಉಳಿದದ್ದು ಮೊದಲ ಭಾಗ ಮಾತ್ರ. ಆಸ್ತಿಯ ಕಾನೂನಿಗಿಂತ ಬದುಕುವ ಹಕ್ಕು ಹಿರಿದೆಂದು ಒಬ್ಬ ಧರ್ಮಗುರು ಬಹಿರಂಗವಾಗಿ ಹೇಳಬೇಕಾದ ಸ್ಥಿತಿ ಬಂದಿತ್ತೆಂಬುದು ಆ ಚಳಿಗಾಲದ ತೀವ್ರತೆಗೆ ಸಾಕ್ಷಿ.

ಈ ಮೂರು ದೇಶಗಳ ಮನೆಗಳಲ್ಲಿ, ಮತ್ತು ಅವುಗಳಿಗಿಂತ ಬಹಳ ಹಿಂದಿನಿಂದ ಏಷ್ಯಾದ ಮನೆಗಳಲ್ಲಿ, ಒಂದೇ ಬಗೆಯ ನಡವಳಿಕೆ ಕಾಣುತ್ತದೆ. ಮೊದಲು ಮನೆ ಕುಗ್ಗುತ್ತದೆ: ಮೇಲಂತಸ್ತು, ಮಲಗುವ ಕೋಣೆ, ನಡುಮನೆಗಳನ್ನು ಮುಚ್ಚಿ ಇಡೀ ಕುಟುಂಬ ಒಲೆಯಿರುವ ಒಂದೇ ಕೋಣೆಗೆ ಬಂದು ಸೇರುತ್ತದೆ. ಗೋಡೆ, ಕಿಟಕಿ, ಮಾಡುಗಳ ಮೂಲಕ ಹೊರಹೋಗುವ ಶಾಖದ ಪ್ರಮಾಣವು ಹೊರಗಿನ ಗಾಳಿಗೆ ತಾಗಿರುವ ಮೇಲ್ಮೈಯ ವಿಸ್ತಾರವನ್ನೂ ಒಳಗೂ ಹೊರಗೂ ಇರುವ ತಾಪದ ಅಂತರವನ್ನೂ ಅವಲಂಬಿಸಿರುತ್ತದೆಯಾದ್ದರಿಂದ ಇದು ಸರಿಯಾದ ಲೆಕ್ಕವೇ. ಅದೂ ಸಾಲದಾದಾಗ ಕೋಣೆಯನ್ನು ಬಿಟ್ಟು ಮೈಯನ್ನು ಮಾತ್ರ ಕಾಯಿಸಿಕೊಳ್ಳುವ ಉಪಾಯ ಬರುತ್ತದೆ. ಜಪಾನಿನ ಕೊತತ್ಸು, ಇರಾನಿನ ಕೊರ್ಸಿ, ಮಧ್ಯ ಏಷ್ಯಾದ ಸಂದಲಿ ಇವೆಲ್ಲ ತತ್ತ್ವದಲ್ಲಿ ಒಂದೇ: ತಗ್ಗಾದ ಮೇಜಿನ ಕೆಳಗೆ ಕೆಂಡವಿರಿಸಿ, ಮೇಲೆ ದಪ್ಪನೆಯ ಹೊದಿಕೆ ಹರಡಿ, ಸುತ್ತಲೂ ಕುಳಿತವರು ಕಾಲನ್ನು ಅದರೊಳಗೆ ಚಾಚಿಕೊಳ್ಳುತ್ತಾರೆ. ಅಡುಗೆಯಲ್ಲಿಯೂ ಇದೇ ತತ್ತ್ವ ಕೆಲಸ ಮಾಡಿತು. ಯುರೋಪಿನ ಗೃಹಿಣಿಯರು ಒಂದು ಕುದಿ ಬಂದ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುದುಗಿಸಿ ಮುಚ್ಚಿ, ಉಳಿದ ಬೇಯುವಿಕೆಯನ್ನು ಹೊಸ ಬೆಂಕಿಯಿಲ್ಲದೆ ಮುಗಿಸುತ್ತಿದ್ದರು.

ಭಾರತದೊಳಗೆ ಈ ಕಲೆ ಪರಿಪೂರ್ಣವಾಗಿರುವುದು ಕಾಶ್ಮೀರ ಕಣಿವೆಯಲ್ಲಿ. ಅಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಅತಿ ಚಳಿಯ ಅವಧಿಯನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಜಮ್ಮುವಿನಿಂದ ಬರುವ ಹೆದ್ದಾರಿ ಹಿಮದಿಂದಲೋ ಭೂಕುಸಿತದಿಂದಲೋ ಮುಚ್ಚಿದರೆ ಅಡುಗೆ ಅನಿಲದ ಸಿಲಿಂಡರೂ ಪೆಟ್ರೋಲೂ ಮುಗಿಯತೊಡಗುತ್ತವೆ. ಎಲ್ಲರೂ ವಿದ್ಯುತ್ ಹೀಟರು ಹಚ್ಚುವುದರಿಂದ ಬೇಡಿಕೆ ಏರುವ ಆ ದಿನಗಳಲ್ಲಿಯೇ ನದಿಗಳ ನೀರು ಇಳಿದು ಜಲವಿದ್ಯುತ್ತಿನ ಉತ್ಪಾದನೆ ಕುಗ್ಗಿ ವಿದ್ಯುತ್ ಕಡಿತ ಹೆಚ್ಚುತ್ತದೆ. ಇದನ್ನು ಬಲ್ಲ ಕುಟುಂಬ ಶರತ್ಕಾಲದಲ್ಲಿಯೇ ಸಿದ್ಧತೆ ಆರಂಭಿಸುತ್ತದೆ. ಉದುರಿದ ಚಿನಾರ್ ಎಲೆಗಳನ್ನು ಗುಡಿಸಿ ರಾಶಿ ಹಾಕಿ ಸುಟ್ಟು, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿದರೆ ಹಗುರವಾದ ಎಲೆಯಿದ್ದಿಲು ಸಿದ್ಧವಾಗುತ್ತದೆ. ಹಿಮದ ದಿನಗಳಿಗಾಗಿ ಬದನೆ, ಸೋರೆ, ಟೊಮ್ಯಾಟೊಗಳನ್ನು ಹೋಳು ಮಾಡಿ ಒಣಗಿಸುತ್ತಾರೆ. ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಬೋಗುಣಿಯಿರಿಸಿ ಕೆಂಡ ತುಂಬಿದ ಕಾಂಗ್ರಿಯನ್ನು ಫೆರನ್ ಎಂಬ ಸಡಿಲವಾದ ಉದ್ದ ನಿಲುವಂಗಿಯೊಳಗೆ ಹಿಡಿದುಕೊಂಡು ನಡೆದಾಡುವವನಿಗೆ ಮೈಯೇ ಮನೆಯಾಗುತ್ತದೆ. ಕೆಲವು ಹಿಡಿ ಇದ್ದಿಲಿನಲ್ಲಿ ಗಂಟೆಗಟ್ಟಲೆ ಬಿಸಿ ಉಳಿಯುತ್ತದೆ. ಇಷ್ಟು ಮಿತವ್ಯಯದ ಸಾಧನಕ್ಕೂ ಒಂದು ಬೆಲೆಯಿದೆ. ವರ್ಷಾನುಗಟ್ಟಲೆ ಕೆಂಡದ ಬಿಸಿ ತಾಗುವ ತೊಡೆ ಮತ್ತು ಹೊಟ್ಟೆಯ ಚರ್ಮದಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರನ್ನು ವೈದ್ಯರು 19ನೇ ಶತಮಾನದಲ್ಲಿಯೇ ಗುರುತಿಸಿ ಅದಕ್ಕೆ ಕಾಂಗ್ರಿಯ ಹೆಸರನ್ನೇ ಇಟ್ಟಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರು, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ನಿದ್ದೆಯಲ್ಲಿಯೇ ಸಾಯುವ ಸುದ್ದಿ ಪ್ರತಿ ಚಳಿಗಾಲದಲ್ಲಿಯೂ ಬರುತ್ತದೆ. ಬಿಸಿ ಸೋರದಿರಲೆಂದು ಮುಚ್ಚಿದ ಸಂದುಗಳೇ ವಿಷವನ್ನೂ ಒಳಗೆ ಹಿಡಿದಿಡುತ್ತವೆ.

ಒಳ್ಳೆಯ ಇಂಧನ ಸಿಗದಿದ್ದಾಗ ಕೀಳು ಇಂಧನಕ್ಕೆ ಇಳಿಯುವುದು ಮನೆಗಳ ಇನ್ನೊಂದು ದಾರಿ, ಮತ್ತು ಅದರ ಫಲವನ್ನು ಉಣ್ಣುವವರು ಆ ಮನೆಯವರಷ್ಟೇ ಅಲ್ಲ. 1952ರ ಡಿಸೆಂಬರ್ ಆರಂಭದಲ್ಲಿ, ಒಳ್ಳೆಯ ಕಲ್ಲಿದ್ದಲನ್ನು ರಫ್ತಿಗೆ ಮೀಸಲಿಟ್ಟಿದ್ದ ಬ್ರಿಟಿಷ್ ಸರ್ಕಾರ ಪುಡಿಯೂ ಸಣ್ಣ ಚೂರುಗಳೂ ಬೆರೆತ ಕೀಳುದರ್ಜೆಯ ಕಲ್ಲಿದ್ದಲನ್ನು ಪಡಿತರದ ಮಿತಿಯಿಲ್ಲದೆ ಮಾರಲು ಬಿಟ್ಟಿತು. ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಗಾಳಿ ಅಲುಗದೆ ನಿಂತಾಗ ಮನೆಮನೆಯ ಚಿಮಣಿಗಳಿಂದ ಎದ್ದ ಹೊಗೆಯೂ ವಿದ್ಯುತ್ ಸ್ಥಾವರಗಳ ಹೊಗೆಯೂ ಮಂಜಿನೊಂದಿಗೆ ಬೆರೆತು ಊರನ್ನು ಮುಚ್ಚಿತು. ಆಗಿನ ಲೆಕ್ಕದಲ್ಲಿ ಸತ್ತವರು ಸುಮಾರು 4,000, ಈಚಿನ ಅಂದಾಜುಗಳಲ್ಲಿ 12,000. ಶುದ್ಧ ಗಾಳಿಯ ಕಾಯಿದೆ ಬಂದದ್ದು 1956ರಲ್ಲಿ. ಲಂಡನ್ನಿನ ಆ ಹೊಗೆ ಕವಿದ 60 ವರ್ಷಗಳ ಬಳಿಕ ಗ್ರೀಸಿನಲ್ಲಿ ಇದೇ ಕಥೆ ಮರುಕಳಿಸಿತು. ಸಾಲದ ಬಿಕ್ಕಟ್ಟಿನಲ್ಲಿದ್ದ ಸರ್ಕಾರ 2012ರ ಅಕ್ಟೋಬರಿನಲ್ಲಿ ಮನೆ ಕಾಯಿಸುವ ಎಣ್ಣೆಯ ಮೇಲಿನ ತೆರಿಗೆಯನ್ನು ಡೀಸೆಲ್ಲಿನ ತೆರಿಗೆಗೆ ಸಮನಾಗಿ ಏರಿಸಿದಾಗ ಜನ ಎಣ್ಣೆ ಕೊಳ್ಳುವುದನ್ನು ಬಿಟ್ಟು ಅಗ್ಗಿಷ್ಟಿಕೆಗಳಿಗೆ ಮರಳಿದರು. ಅರಣ್ಯಗಳಲ್ಲಿ ಕಳ್ಳತನದ ಮರ ಕಡಿತ ಹೆಚ್ಚಿತು, ಬಣ್ಣ ಬಳಿದ ಹಳೆಯ ಪೀಠೋಪಕರಣಗಳೂ ಬೆಂಕಿ ಸೇರಿದವು, ಅಥೆನ್ಸ್ ಮತ್ತು ಥೆಸಲೋನಿಕಿ ನಗರಗಳ ಚಳಿಗಾಲದ ಸಂಜೆಗಳು ಹೊಗೆಯಿಂದ ತುಂಬಿದವು. ಖಜಾನೆಗೆ ನಿರೀಕ್ಷಿಸಿದ ಆದಾಯವೂ ಬರಲಿಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಕಲ್ಲಿದ್ದಲಿನ ಸರಬರಾಜು ನಿಂತ ತಜಿಕಿಸ್ತಾನದ ಪಾಮೀರ್ ಪ್ರಸ್ಥಭೂಮಿಯಲ್ಲಾದರೋ ಕಡಿಯಲು ಮರವೂ ಇರಲಿಲ್ಲ. ಅಲ್ಲಿನವರು ತೆರೆಸ್ಕೆನ್ ಎಂಬ ಕುರುಚಲು ಗಿಡವನ್ನು ಬೇರುಸಹಿತ ಕಿತ್ತು ಉರಿಸಿದರು. ಬಹಳ ನಿಧಾನವಾಗಿ ಬೆಳೆಯುವ ಆ ಗಿಡವೇ ಅವರ ದನಕರುಗಳ ಚಳಿಗಾಲದ ಮೇವೂ ಆಗಿದ್ದುದರಿಂದ, ಒಂದು ಚಳಿಗಾಲವನ್ನು ದಾಟಲು ಅವರು ಮುಂದಿನ ಹಲವು ಚಳಿಗಾಲಗಳನ್ನು ಒತ್ತೆಯಿಟ್ಟಂತಾಯಿತು.

ಇನ್ನು ಎರಡನೆಯ ಬಗೆಯ ಕೊರತೆ. ಇದನ್ನು ವಿವರಿಸಲು ಬ್ರಿಟನ್ನಿನ ವಿದ್ವಾಂಸೆ ಬ್ರೆಂಡಾ ಬೋರ್ಡ್‌ಮನ್ 1991ರ ತಮ್ಮ ಗ್ರಂಥದಲ್ಲಿ ಇಂಧನ ಬಡತನವೆಂಬ ಪರಿಕಲ್ಪನೆಗೆ ಒಂದು ಖಚಿತ ಅಳತೆ ಕೊಟ್ಟರು: ಮನೆಯನ್ನು ಸಾಕಷ್ಟು ಬೆಚ್ಚಗಿಟ್ಟುಕೊಂಡು ಇತರ ಇಂಧನದ ಅಗತ್ಯಗಳನ್ನೂ ಪೂರೈಸಿಕೊಳ್ಳಲು ಆದಾಯದ ಶೇ. 10ಕ್ಕಿಂತ ಹೆಚ್ಚು ತೆರಬೇಕಾಗಿ ಬರುವ ಕುಟುಂಬ ಇಂಧನ ಬಡತನದಲ್ಲಿದೆ. ಇಲ್ಲಿ ಎಣಿಸುವುದು ನಿಜವಾಗಿ ಮಾಡಿದ ಖರ್ಚನ್ನಲ್ಲ, ಮಾಡಬೇಕಾಗಿದ್ದ ಖರ್ಚನ್ನು ಎಂಬುದು ಈ ವ್ಯಾಖ್ಯೆಯ ಸತ್ತ್ವ. ಏಕೆಂದರೆ ಹೀಟರನ್ನೇ ಹಚ್ಚದ ಮನೆಯ ಬಿಲ್ಲು ಚಿಕ್ಕದಾಗಿರುತ್ತದೆ, ಬಿಲ್ಲನ್ನಷ್ಟೇ ನೋಡುವ ಅಧಿಕಾರಿಗೆ ಅತಿ ಹೆಚ್ಚು ನಡುಗುವ ಮನೆಯೇ ಅತಿ ಮಿತವ್ಯಯದ ಮನೆಯಾಗಿ ಕಾಣುತ್ತದೆ. ಬಡವರು ಬಾಡಿಗೆಗೆ ಹಿಡಿಯುವ ಮನೆಗಳು ಸಾಮಾನ್ಯವಾಗಿ ಹಳೆಯವು, ಗಾಳಿ ಸೋರುವಂಥವು. ಆದ್ದರಿಂದ ಅಷ್ಟೇ ಬೆಚ್ಚಗಿರಲು ಅವರು ಶ್ರೀಮಂತರಿಗಿಂತ ಹೆಚ್ಚು ಇಂಧನ ಸುಡಬೇಕಾಗುತ್ತದೆ.

ಈ ಮಾತಿನ ನಿಜ 2022-23ರ ಚಳಿಗಾಲದಲ್ಲಿ ಇಡೀ ಯುರೋಪಿಗೆ ಮನದಟ್ಟಾಯಿತು. ರಷ್ಯಾ ಯುಕ್ರೇನಿನ ಮೇಲೆ ದಾಳಿ ನಡೆಸಿದ ಮೇಲೆ ಕೊಳವೆಗಳ ಮೂಲಕ ಬರುತ್ತಿದ್ದ ಅನಿಲ ಕುಗ್ಗುತ್ತಾ ಬಂದು ಬೆಲೆ ಮುಗಿಲು ಮುಟ್ಟಿತು. ಬ್ರಿಟನ್ನಿನಲ್ಲಿ ಸಾಮಾನ್ಯ ಬಳಕೆಯ ಮನೆಯೊಂದರ ವಾರ್ಷಿಕ ಇಂಧನ ಬಿಲ್ಲಿಗೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಗೊತ್ತುಪಡಿಸುವ ಮಿತಿಯು ಹಿಂದಿನ ಚಳಿಗಾಲದಲ್ಲಿ 1,277 ಪೌಂಡ್ ಇದ್ದದ್ದು 2022ರ ಅಕ್ಟೋಬರಿಗೆ 3,549 ಪೌಂಡಿಗೆ ಏರಲಿತ್ತು. ಸರ್ಕಾರ ನಡುವೆ ಬಂದು ಅದನ್ನು 2,500ಕ್ಕೆ ತಡೆಹಿಡಿಯಿತು, ಜೊತೆಗೆ ಪ್ರತಿ ಮನೆಗೂ 400 ಪೌಂಡಿನ ರಿಯಾಯಿತಿ ಕೊಟ್ಟಿತು. ಹೀಗಿದ್ದೂ ಮನೆಗಳಲ್ಲಿ 1947ರ ಹಳೆಯ ಉಪಾಯಗಳೆಲ್ಲ ಹಿಂದಿರುಗಿದವು: ಒಂದೇ ಕೋಣೆಯ ವಾಸ, ಬಿಸಿನೀರಿನ ಚೀಲ, ಮಕ್ಕಳು ಶಾಲೆಯಿಂದ ಬರುವವರೆಗೆ ಹೀಟರು ಹಚ್ಚದೆ ಕಾಯುವ ತಾಯಂದಿರು. ಗ್ರಂಥಾಲಯಗಳು, ಚರ್ಚುಗಳು, ಸಮುದಾಯ ಭವನಗಳು ಹಗಲಿನಲ್ಲಿ ಬೆಚ್ಚಗೆ ಕೂರಲು ಯಾರು ಬೇಕಾದರೂ ಬರಬಹುದೆಂದು ಬಾಗಿಲು ತೆರೆದವು. ಮೊಬೈಲಿನಂತೆ ಮೊದಲೇ ಹಣ ತುಂಬಿಸಬೇಕಾದ ಮುಂಗಡ ಪಾವತಿ ಮೀಟರುಗಳಿದ್ದ ಮನೆಗಳ ಪಾಡು ಬೇರೆಯೇ. ಅಲ್ಲಿ ಹಣ ಮುಗಿದೊಡನೆ ಅನಿಲ ತಾನಾಗಿಯೇ ನಿಲ್ಲುತ್ತದೆ, ಯಾವ ಕಂಪನಿಯೂ ಸಂಪರ್ಕ ಕಡಿಯಿತೆಂಬ ದಾಖಲೆ ಹುಟ್ಟುವುದಿಲ್ಲ. ಬಾಕಿದಾರರ ಮನೆಗಳಿಗೆ ಬಲವಂತವಾಗಿ ಇಂಥ ಮೀಟರು ಕೂರಿಸುವುದನ್ನು 2023ರ ಫೆಬ್ರವರಿಯಲ್ಲಿ, ಚಳಿಗಾಲ ಬಹುಮಟ್ಟಿಗೆ ಕಳೆದ ಮೇಲೆ, ನಿಲ್ಲಿಸಲಾಯಿತು.

ಆ ಚಳಿಗಾಲದ ಕೊನೆಯಲ್ಲಿ ಐರೋಪ್ಯ ಒಕ್ಕೂಟ ತನ್ನ ಅನಿಲ ಬಳಕೆ ಶೇ. 15ರಷ್ಟು ಇಳಿಯಬೇಕೆಂಬ ಗುರಿಯನ್ನು ಮೀರಿ ಸುಮಾರು ಶೇ. 18ರಷ್ಟು ಇಳಿಯಿತೆಂದು ಪ್ರಕಟಿಸಿತು. ಹವೆ ಹಿತವಾಗಿದ್ದುದೂ ಕಾರ್ಖಾನೆಗಳು ಉತ್ಪಾದನೆ ಕಡಿಮೆ ಮಾಡಿದ್ದೂ ಇದಕ್ಕೆ ಕಾರಣ. ಒಬ್ಬರ ವ್ಯರ್ಥ ಬಳಕೆ ನಿಂತದ್ದೂ ಇನ್ನೊಬ್ಬರ ಮುದಿ ತಾಯಿ ಚಳಿಯಲ್ಲಿ ಕುಳಿತದ್ದೂ ಈ ಒಂದೇ ಅಂಕಿಯಲ್ಲಿ ಉಳಿತಾಯವೆಂಬ ಹೆಸರಿನಲ್ಲಿ ಸೇರಿಕೊಂಡಿವೆ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗಿನ ತಾಪ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದೂ, ಮಕ್ಕಳು, ವೃದ್ಧರು, ಕಾಯಿಲೆಯವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಹೇಳಿದೆ. ಚಳಿಯಲ್ಲಿ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಸೋಂಕುಗಳು ಹೆಚ್ಚುತ್ತವೆ. ಆದರೆ ಮರಣಪತ್ರದಲ್ಲಿ ಬರೆಯುವುದು ಹೃದಯಾಘಾತವೆಂದೇ ಹೊರತು ತಣ್ಣನೆಯ ಕೋಣೆಯೆಂದಲ್ಲ.

ಹಣದ ಲೆಕ್ಕಕ್ಕೆ ಬಾರದ ಇಂಧನವನ್ನು ಎಣಿಸಬೇಕೆಂಬ ಅರಿವಿಗೆ ಕರ್ನಾಟಕದ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹುಟ್ಟುಹಾಕಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಸಂಶೋಧಕರು ತುಮಕೂರು ಜಿಲ್ಲೆಯ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಯ ಶಕ್ತಿಯ ಬಳಕೆಯನ್ನು ಅಳೆದಾಗ, ಅದರಲ್ಲಿ ಸಿಂಹಪಾಲು ಹಣ ಕೊಡದೆ ಆಯ್ದು ತಂದ ಸೌದೆಯದೆಂದೂ, ಅದನ್ನು ತರುವ ದುಡಿಮೆಯಲ್ಲಿ ಹೆಂಗಸರ ಮತ್ತು ಮಕ್ಕಳ ಪಾಲು ದೊಡ್ಡದೆಂದೂ ತಿಳಿದುಬಂದಿತು. ಅಲ್ಲಿನ ಸೌದೆ ಅಡುಗೆಗೆ, ಸ್ನಾನದ ನೀರಿಗೆ ಬೇಕಾದದ್ದೇ ಹೊರತು ಕೋಣೆ ಕಾಯಿಸಲಿಕ್ಕಲ್ಲ. ಆದರೂ ಪೇಟೆಯಲ್ಲಿ ಮಾರಾಟವಾದ ಇಂಧನವನ್ನಷ್ಟೇ ಎಣಿಸುವ ಸರ್ಕಾರ ಮನೆಯ ಕೊರತೆಯನ್ನು ಕಾಣಲಾರದು ಎಂಬ ಅವರ ತೀರ್ಮಾನ ಪಾಮೀರಿಗೂ ಕಾಶ್ಮೀರಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಮನೆಗಳ ಮೇಲಿನ ಹೊರೆಯನ್ನು ನಿಜವಾಗಿ ಇಳಿಸಿದ ಉದಾಹರಣೆಗಳು ಕಡಿಮೆ. ಇದ್ದವುಗಳಲ್ಲಿ ಡೆನ್ಮಾರ್ಕಿನದು ಗಟ್ಟಿಯಾದದ್ದು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ತಡೆದಾಗ ಆ ದೇಶದ ಶಕ್ತಿಯಲ್ಲಿ ಸುಮಾರು ಶೇ. 90 ಭಾಗ ಆಮದಾದ ತೈಲದಿಂದಲೇ ಬರುತ್ತಿತ್ತು, ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಬೇಕಾಯಿತು. ಅಲ್ಲಿನ ಸರ್ಕಾರ ಜನರಿಗೆ ಉಣ್ಣೆಯ ಅಂಗಿ ತೊಡಿರೆಂದು ಹೇಳಿ ಸುಮ್ಮನಾಗಲಿಲ್ಲ. ಹೊಸ ಮನೆಗಳ ಗೋಡೆ, ಮಾಡು, ಕಿಟಕಿಗಳಿಂದ ಶಾಖ ಸೋರದಂತೆ ಕಟ್ಟಬೇಕೆಂಬ ನಿಯಮಗಳನ್ನು ಬಿಗಿಗೊಳಿಸಿತು. 1979ರಲ್ಲಿ ಶಾಖ ಸರಬರಾಜು ಕಾಯಿದೆ ತಂದು, ವಿದ್ಯುತ್ ಸ್ಥಾವರಗಳಲ್ಲಿ ವ್ಯರ್ಥವಾಗುವ ಬಿಸಿಯನ್ನು ನೀರಿನ ಕೊಳವೆಗಳ ಮೂಲಕ ಊರಿನ ಮನೆಗಳಿಗೆಲ್ಲ ಹರಿಸುವ ಸಾಮೂಹಿಕ ವ್ಯವಸ್ಥೆಯನ್ನು ಯೋಜನಾಬದ್ಧವಾಗಿ ಹಬ್ಬಿಸಿತು. ಸಾಮೂಹಿಕ ವ್ಯವಸ್ಥೆಗೂ ದೌರ್ಬಲ್ಯವಿಲ್ಲದಿಲ್ಲ: 2022ರ ಅಕ್ಟೋಬರಿನಿಂದ ರಷ್ಯಾ ಯುಕ್ರೇನಿನ ವಿದ್ಯುತ್ ಮತ್ತು ಶಾಖ ಸ್ಥಾವರಗಳಿಗೆ ಕ್ಷಿಪಣಿ ಎಸೆಯತೊಡಗಿದಾಗ ಒಂದೊಂದು ಏಟಿಗೂ ಬಡಾವಣೆಗೆ ಬಡಾವಣೆಯೇ ತಣ್ಣಗಾಯಿತು, ಸರ್ಕಾರ ಜನರೇಟರು ಮತ್ತು ಒಲೆಗಳಿರುವ ಆಶ್ರಯ ತಾಣಗಳನ್ನು ತೆರೆಯಬೇಕಾಯಿತು. ಆದರೆ ಅದು ಯುದ್ಧಾಪರಾಧದ ಫಲವೇ ಹೊರತು ವ್ಯವಸ್ಥೆಯ ದೋಷವಲ್ಲ. ಬ್ರಿಟನ್ ಡೆನ್ಮಾರ್ಕಿಗೆ ವಿರುದ್ಧವಾದ ದಾರಿ ಹಿಡಿಯಿತು: ಹಳೆಯ ಮನೆಗಳ ಅಟ್ಟ ಮತ್ತು ಗೋಡೆಗಳಿಗೆ ಶಾಖನಿರೋಧಕ ತುಂಬಿಸುವ ಕೆಲಸ 2012ರ ನಂತರ ನೀತಿಯ ಬದಲಾವಣೆಯಿಂದ ತೀವ್ರವಾಗಿ ಕುಸಿಯಿತು, ಹತ್ತು ವರ್ಷಗಳ ಬಳಿಕ ಸೋರುವ ಅವೇ ಮನೆಗಳ ಬಿಲ್ಲಿಗೆ ಬೊಕ್ಕಸದಿಂದ ಕೋಟ್ಯಂತರ ಪೌಂಡ್ ಸುರಿಯಬೇಕಾಯಿತು. ಡೆನ್ಮಾರ್ಕಿನಲ್ಲಿ ಇಂದು ಮೂರರಲ್ಲಿ ಸುಮಾರು ಎರಡು ಮನೆಗಳಿಗೆ ಬಿಸಿ ಬರುವುದು ಆ ಕೊಳವೆಗಳಿಂದ.